ಬಾಗಿದ ತೊಲೆ, ನಿಂತ ಮನೆ

ಅಹಮದಾಬಾದಿನ ಹಳೆಯ ಕೋಟೆಯೊಳಗಿನ ಪೋಳದ ಮನೆಗಳಲ್ಲಿ ಮಹಡಿ ಹತ್ತಿದರೆ ನೆಲ ನಡುವೆ ತುಸು ತಗ್ಗಿರುವುದು ಕಾಲಿಗೇ ತಿಳಿಯುತ್ತದೆ. ಊರಿನಿಂದ ಬಂದ ಹಿರಿಯರು "ಇದು ಬಿದ್ದೀತಪ್ಪ" ಎಂದು ಅಂಜುವುದುಂಟು. ಆ ಅಂಜಿಕೆ ಎಷ್ಟು ಸರಿ?

ಸುಲ್ತಾನ ಅಹಮದ್ ಶಹ 1411ರಲ್ಲಿ ಸ್ಥಾಪಿಸಿದ ನಗರವಿದು. ಇಲ್ಲಿನ ಮನೆಯ ರಚನೆ ತೊಟ್ಟಿಮನೆ ಕಂಡ ನಮಗೆ ಹೊಸತಲ್ಲ. ಮುಂದೆ 'ಓಟ್ಲಾ' ಎಂಬ ಜಗಲಿ, ನಡುವೆ ಚೌಕ, ಅದರಡಿ ಮಳೆನೀರಿನ 'ಟಾಂಕಾ'. ಭಾರ ಹೊರುವವು ಮರದ ಕಂಬ, ತೊಲೆ, ಜಂತಿಗಳು. ಇಟ್ಟಿಗೆ ಗೋಡೆಯ ನಡುವೆಯೂ ಮರವನ್ನು ಹೆಣೆದಿರುತ್ತಾರೆ.

1819ರ ಜೂನ್ 16ರ ಕಚ್ಛ್ ಭೂಕಂಪದಲ್ಲಿ ಇಲ್ಲಿನ ಜಾಮಾ ಮಸೀದಿಯ ಕಲ್ಲಿನ ಮಿನಾರುಗಳು ಮುರಿದುಬಿದ್ದವು. 2001ರ ಜನವರಿ 26ರಂದು ಮತ್ತೆ ಭೂಮಿ ನಡುಗಿದಾಗ ಕುಸಿದು ನೂರಾರು ಜೀವ ತೆಗೆದವು ಹೊಸ ಕಾಂಕ್ರೀಟ್ ಬಹುಮಹಡಿಗಳು. ಅವುಗಳಲ್ಲಿ ಹಲವಕ್ಕೆ ಕೆಳ ಅಂತಸ್ತಿನಲ್ಲಿ ವಾಹನ ನಿಲ್ಲಿಸಲೆಂದು ಗೋಡೆಯೇ ಇರಲಿಲ್ಲ. ಪೋಳಗಳಲ್ಲೂ ಗೋಡೆಗಳು ಬಿರಿದವು. ಆದರೆ ಮರದ ಚೌಕಟ್ಟು ಬಹುಮಟ್ಟಿಗೆ ನಿಂತಿತು.

ಹಾಗೆಂದು ಮರಕ್ಕೆ ಶತ್ರುಗಳಿಲ್ಲವೆಂದಲ್ಲ. 1837ರ ಏಪ್ರಿಲಿನಲ್ಲಿ ಸೂರತ್ತಿನ ಬೆಂಕಿ 9,000ಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಬೆಂಕಿ ಕ್ಷಣದಲ್ಲಿ ಮಾಡುವುದನ್ನು ಗೆದ್ದಲು ಮತ್ತು ತೇವ ಮೆಲ್ಲಗೆ ಮಾಡುತ್ತವೆ.

ಬರಿಯ ಅಂಜಿಕೆಯೂ ದಾರಿ ತೋರದು. ವಡೋದರೆಯ ಲಕ್ಷ್ಮೀವಿಲಾಸ ಅರಮನೆಯ ನಕ್ಷೆ ರಚಿಸಿದ ಮೇಜರ್ ಮ್ಯಾಂಟ್, ತನ್ನ ಲೆಕ್ಕ ತಪ್ಪಿ ಕಟ್ಟಡ ಕುಸಿದೀತೆಂಬ ಭಯದಲ್ಲೇ 1881ರಲ್ಲಿ ತೀರಿಕೊಂಡನೆಂದು ಹೇಳುತ್ತಾರೆ. 1890ರಲ್ಲಿ ಪೂರ್ಣಗೊಂಡ ಆ ಅರಮನೆ ಇಂದಿಗೂ ನೆಟ್ಟಗೆ ನಿಂತಿದೆ.

ಲೆಕ್ಕ ಹೀಗಿದೆ: ತೊಲೆಯ ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ ಅಷ್ಟೇ ಭಾರಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ಕೆಳಗೆ ಅಂಗಡಿಗೆಂದು ನಡುಗಂಬ ತೆಗೆಯುವವರು ಇದನ್ನು ಮರೆಯುತ್ತಾರೆ. ಮೇಲೆ ನೀರಿನ ಟ್ಯಾಂಕು ಇಡುವವರಿಗೂ ಎಚ್ಚರ ಬೇಕು. ಸಾವಿರ ಲೀಟರೆಂದರೆ ಒಂದು ಟನ್. ಅಲ್ಲದೆ, ಸದಾ ಭಾರ ಹೊತ್ತ ಮರ ಕಾಲಕ್ರಮದಲ್ಲಿ ತಾನಾಗಿಯೇ ತುಸು ಬಾಗುತ್ತದೆ. ಅದೊಂದೇ ಅಪಾಯದ ಗುರುತಲ್ಲ.

ಆದ್ದರಿಂದ ಹಳೆಯ ಮನೆಯಲ್ಲಿರುವ ನಮ್ಮವರು ತೊಲೆಯ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದು, ನಡುವೆ ಎಷ್ಟು ಬಾಗಿದೆಯೆಂದು ಅಳೆದು, ತಾರೀಖು ಬರೆದಿಡಲಿ. ಆರು ತಿಂಗಳ ಮೇಲೆ ಮತ್ತೆ ಅಳೆಯಲಿ. ಬಾಗು ಹೆಚ್ಚಿದ್ದರೆ, ಅಥವಾ ಗೋಡೆಯೊಳಗೆ ಹೊಕ್ಕ ತೊಲೆಯ ತುದಿ ಮೆತ್ತಗಾಗಿದ್ದರೆ, ತಡಮಾಡದೆ ಇಂಜಿನಿಯರನ್ನು ಕರೆಸಬೇಕು. ಹೆಚ್ಚದಿದ್ದರೆ, ಬರಿಯ ಭಯಕ್ಕೆ ಮನೆ ಕೆಡವಲು ಒಪ್ಪಬೇಡಿ. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ನಗರ ಉಳಿದುಬಂದದ್ದು ಇಂಥ ಬಾಗಿದ ತೊಲೆಗಳ ಮೇಲೆಯೇ.