ಸೋವಿ ದೇಶ ಹುಡುಕಿಕೊಂಡು ಬಂದವರು

ಈ ಸಲ ಸೀಗಿ ಹುಣ್ಣಿವಿಗಿ ರಾಮದುರ್ಗಕ್ಕ, ಅಕ್ಕನ ಮನಿಗಿ ಹೋಗಿದ್ದೆ. ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದು, ಕಾಲು ತೊಳಕೊಂಡು ಪಡಸಾಲ್ಯಾಗ ಕುಂತಿದ್ವಿ. ಬುಟ್ಟ್ಯಾಗ ಇನ್ನೂ ನಾಕು ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಉಳದಿದ್ವು. ಅಷ್ಟೊತ್ತಿಗೆ ಅಮೆರಿಕಾದಿಂದ ಅಕ್ಕನ ಮಗನ ಫೋನ್ ಬಂತು. ಅಕ್ಕಗ ಕಿವಿ ಸ್ವಲ್ಪ ಮಂದ, ಹಿಂಗಾಗಿ ಸ್ಪೀಕರ್ ಹಚ್ಚೇ ಮಾತಾಡತಾಳ. ಓಣಿಗೆಲ್ಲಾ ಕೇಳತೈತಿ.

“ಅವ್ವಾ, ಬರೂ ವರ್ಷ ನನಗ 50 ತುಂಬತಾವ. ನೌಕರಿ ಸಾಕು ಮಾಡಿ ಥಾಯ್ಲಂಡಕ್ಕ ಹೋಗಿ ಇರಬೇಕಂತ ಮಾಡೀವಿ” ಅಂದ.

ಅಕ್ಕ ಟೂರಿಗೆ ಅಂತ ತಿಳಕೊಂಡ್ಲು. “ಹೋಗಿ ಬರ್ರೆಪಾ, ನೀರು ಕುದಿಸಿ ಕುಡೀರಿ” ಅಂದ್ಲು. ಆಮ್ಯಾಲೆ ಅಂವ ಬಿಡಿಸಿ ಹೇಳಿದ. ಅಮೆರಿಕಾದಾಗ ದವಾಖಾನಿ ವಿಮೆ, ಮನಿ ತೆರಿಗಿ ಕಟ್ಟೂದರಾಗ ಜೀವ ಹೋಗತೈತಿ. ಥಾಯ್ಲಂಡದಾಗ 50 ದಾಟಿದವರಿಗಿ ಅಂತನ ಒಂದು ವೀಸಾ ಐತಿ, ಅಲ್ಲಿಯ ಬ್ಯಾಂಕಿನ್ಯಾಗ 8 ಲಕ್ಷ ಬಾತ್ ಇಟ್ಟು ತೋರಿಸಿದ್ರ ಆತು. ಚಿಯಾಂಗ್ ಮಾಯ್ ಅನ್ನೂ ಊರು, ಸುತ್ತಲೂ ಗುಡ್ಡ, ಚಲೋ ದವಾಖಾನಿ. ಅಮೆರಿಕಾದಾಗ ಬರೇ ಬಾಡಿಗಿಗಿ ಹೋಗೂ ರೊಕ್ಕದಾಗ ಅಲ್ಲಿ ಮನಿ, ಊಟ, ಅಡಿಗಿಯಾಕಿ ಎಲ್ಲಾ ಮುಗೀತೈತಿ. “ರಾಜಾನಂಗ ಇರಬಹುದವ್ವಾ” ಅಂದ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ಲು. “ಅಷ್ಟು ಸೋವಿ ಬೇಕಾಗಿದ್ರ ಇಲ್ಲಿಗೇ ಬಾರೋ. ಮನಿ ಐತಿ, ಹೊಲ ಐತಿ, ಬಾಡಿಗಿ ಕೇಳವರು ಯಾರಿಲ್ಲ” ಅಂದ್ಲು.

ಅದಕ್ಕ ಅಂವ ಅಂದದ್ದು ಒಂದ ಮಾತು. “ಊರು ನನಗ ಸೋವಿ ಬೀಳೂದಿಲ್ಲವ್ವಾ.”

ಫೋನ್ ಇಟ್ಟ ಮ್ಯಾಲೆ ಅಕ್ಕ ಕಡಬು ಮುಟ್ಟಲಿಲ್ಲ. ಮರುದಿನ ಸವದತ್ತಿ ಮ್ಯಾಲಿಂದ ಬರೂ ಬಸ್ಸಿನ್ಯಾಗ ಕುಂತು ಬೈಲಹೊಂಗಲಕ್ಕ ಬರೂತನಕ ನನಗ ಅದ ಮಾತು. ನಮ್ಮ ಅಜ್ಜಿ ಸವದತ್ತಿಯಿಂದ ರಾಮದುರ್ಗಕ್ಕ ಸೊಸಿಯಾಗಿ ಬಂದಾಗ ಅದೂ ಪರರಾಜ್ಯನ. ಸವದತ್ತಿ ಬ್ರಿಟಿಷರದು, ರಾಮದುರ್ಗ ಬ್ಯಾರೇ ಸಂಸ್ಥಾನ, 1948ರಾಗ ಮುಂಬೈ ಪ್ರಾಂತಕ್ಕ ಕೂಡಿತು. ಆದ್ರ ಅಜ್ಜಿ ಬಂದದ್ದು ಸೋವಿ ಅಂತಲ್ಲ, ಕೊಟ್ಟಾರಂತ ಬಂದ್ಲು. ಸೋವಿ ದೇಶ ಹುಡುಕಿಕೊಂಡು ನಮ್ಮ ಕಡೆ ಬಂದವರು ಬ್ಯಾರೇ ಮಂದಿ. ಊರಾಗ ಕಿತ್ತೂರ ಉತ್ಸವದ ಬ್ಯಾನರ್ ಕಟ್ಟಿದ್ರು, ಅದನ್ನ ನೋಡಿದ ಕೂಡಲೇ ನೆನಪಾತು: ಥ್ಯಾಕರೆ!

ಸಾಲ್ಯಾಗ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸೀನಿ. ಥ್ಯಾಕರೆ ಅಂದ್ರ ಮಕ್ಕಳಿಗಿ ಒಂದ ಸಾಲು: ಧಾರವಾಡದ ಕಲೆಕ್ಟರ್, ಕಿತ್ತೂರ ಮ್ಯಾಲೆ ಬಂದ, 1824ರ ಅಕ್ಟೋಬರ್ 23ಕ್ಕ ಅಮಟೂರ ಬಾಳಪ್ಪನ ಗುಂಡಿಗಿ ಸತ್ತ. ಪರೀಕ್ಷಾದಾಗ ಎರಡು ಮಾರ್ಕು. ಆ ಮನಷ್ಯಾ ಅಷ್ಟು ದೂರದಿಂದ ಇಲ್ಲಿತನಕ ಯಾಕ ಬಂದಾ ಅಂತ ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ನಿವೃತ್ತಿ ಆದ ಮ್ಯಾಲೆ ಓದಿದೆ. ಅದು ಒಬ್ಬನ ಕಥಿ ಅಲ್ಲ, ಒಂದು ಇಡೀ ಮನಿತನದ್ದು.

ಅವನ ಅಪ್ಪನ ಹೆಸರು ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಇಂಗ್ಲಂಡದಾಗ ದೊಡ್ಡ ಮನಿತನ, ಆದ್ರ ಮಕ್ಕಳು ಬಹಳ, ಆಸ್ತಿ ಕಡಿಮಿ. 1766ರಾಗ, ಇನ್ನೂ ಮೀಸಿ ಸರಿಯಾಗಿ ಬಾರದ ವಯಸ್ಸಿಗೇ, ಕಂಪನಿ ನೌಕರಿ ಹಿಡದು ಬಂಗಾಲಕ್ಕ ಬಂದ. ಆಗ ಕಂಪನಿ ಪಗಾರ ಏನೂ ದೊಡ್ಡದಲ್ಲ, ಆದ್ರ ಸ್ವಂತ ವ್ಯಾಪಾರ ಮಾಡಾಕ ಅಡ್ಡಿ ಇರಲಿಲ್ಲ. ಸಿಲ್ಹೆಟ್ ಜಿಲ್ಹಾದ ಕಲೆಕ್ಟರ್ ಆಗಿ, ಅಲ್ಲಿ ಕಾಡಿನ್ಯಾಗ ಆನಿ ಹಿಡಿಸಿ ಕಂಪನಿಗೇ ಮಾರಿದ. ಹತ್ತು ವರ್ಷದಾಗ ಬೇಕಾದಷ್ಟು ಗಳಿಸಿ, ಮೂವತ್ತು ತುಂಬೂದರೊಳಗ ಇಂಗ್ಲಂಡಕ್ಕ ತಿರುಗಿ ಹೋಗಿ, ಲಂಡನ್ ಸಮೀಪ ಹ್ಯಾಡ್ಲಿಯೊಳಗ ಮನಿ ಮಾಡಿ ಆರಾಮ ಕುಂತ. ನಮ್ಮ ಹುಡುಗ 50ಕ್ಕ ಮಾಡಬೇಕನ್ನೂದನ್ನ ಆ ಮುದುಕಾ 27ರ ಸುತ್ತಮುತ್ತ ಮಾಡಿದ್ದ ನೋಡ್ರಿ.

ಅಪ್ಪ ಗೆದ್ದು ಬಂದದ್ದು ನೋಡಿದ ಮಕ್ಕಳು ಸುಮ್ಮನಿರತಾರೇನ್ರಿ? ಏಳು ಗಂಡಮಕ್ಕಳೊಳಗ ಆರು ಮಂದಿ ಹಿಂದುಸ್ತಾನಕ್ಕ ಬಂದ್ರು. ಹೆಣ್ಣಮಕ್ಕಳೂ ಕಲಕತ್ತಾಕ್ಕ ಬಂದು ಅಲ್ಲೇ ಲಗ್ನಾ ಮಾಡಿಕೊಂಡ್ರು. ಇಂಗ್ಲಂಡದಾಗ ವರದಕ್ಷಿಣಿ ಇಲ್ಲದ ಹುಡಿಗ್ಯಾರಿಗಿ ವರ ಸಿಗೂದು ತ್ರಾಸು, ಇಲ್ಲಿ ಸಾಹೇಬರಿಗೇ ಹೆಣ್ಣು ಸಿಗತಿದ್ದಿಲ್ಲ. ಹಿಂಗಾಗಿ ಹಡಗ ಹತ್ತಿ ಬರತಿದ್ರು. ವರ ಹುಡುಕೂದರಾಗೂ ಸೋವಿ ದೇಶ!

ಆ ಹೊತ್ತಿಗಿ ಕಾರ್ನ್‌ವಾಲಿಸ್ ಬಂಗಾಲದಾಗ ಕಲೆಕ್ಟರಗ ತಿಂಗಳಿಗಿ 1500 ರೂಪಾಯಿ ಪಗಾರ ಮಾಡಿದ್ದ, ಮ್ಯಾಲೆ ವಸೂಲಿಯೊಳಗ ನೂರಕ್ಕ ಒಂದು. ಅಡಿಗಿಯಾಂವ, ನೀರಿನಾಂವ, ಪಂಖಾ ಎಳಿಯಾಂವ, ಕುದರಿಗಿ ಹುಲ್ಲು ತರಾಂವ, ಒಬ್ಬೊಬ್ಬ ಸಾಹೇಬನ ಮನ್ಯಾಗ ಆಳುಗಳ ಪಂಗತಿನ ಇರತಿತ್ತು. ಆದ್ರ ಒಂದು ಮಾತು ಮರೀಬ್ಯಾಡ್ರಿ. ನಮ್ಮ ಹುಡುಗ ಟೆಕ್ಸಾಸಿನ್ಯಾಗ ದುಡದ ರೊಕ್ಕಾ ಥಾಯ್ಲಂಡಕ್ಕ ಒಯ್ತಾನ. ಇವರು ಮನಿಯಿಂದ ರೊಕ್ಕಾ ತರಲಿಲ್ಲ. ಪಗಾರ ಬರತಿದ್ದದ್ದು ಇಲ್ಲಿಯ ಕಂದಾಯದಿಂದನ. ಒಕ್ಕಲಿಗ ಕೊಟ್ಟ ಪಟ್ಟಿಯೊಳಗ ಸಾಹೇಬ ಅದ ಒಕ್ಕಲಿಗನ ಕೋಳಿ ಸೋವಿ ಅಂತ ಕೊಂಡು ತಿಂತಿದ್ದ.

ಇದನ್ನ ನಾ ಸಿಟ್ಟಿಲೆ ಹೇಳಾಕತ್ತಿಲ್ಲ, ಅವರ ಮನಿಯಾಂವನ ಬರದಾನ. ಆರು ಮಂದ್ಯಾಗ ಹಿರಿಯಾ ವಿಲಿಯಂ ಬಳ್ಳಾರಿ ಕಡೆ ಮನ್ರೋ ಸಾಹೇಬನ ಕೈಯಾಗ ಇದ್ದ. 1807ರಾಗ ಕಂದಾಯದ ಮ್ಯಾಲೆ ಒಂದು ದೊಡ್ಡ ವರದಿ ಬರದ. ಅದರ ತಾತ್ಪರ್ಯ ಇಷ್ಟು: ಇಂಗ್ಲಂಡದಾಗ ಭೂಮಿಯ ಉತ್ಪನ್ನದಾಗ ದೊಡ್ಡ ಪಾಲು ಕೆಲವು ಮನಿತನಕ್ಕ ಹೋಗೂದು ಚಲೋ, ಅದರಿಂದ ಪಂಡಿತರು, ಮಂತ್ರಿಗಳು, ಶೂರರು ಹುಟ್ಟತಾರ. ಹಿಂದುಸ್ತಾನದಾಗ ಅಂಥಾ ಮಂದಿ ನಮಗ ಬ್ಯಾಡ, ಇಲ್ಲಿ ಮೈಮುರದು ದುಡಿಯೂ ಒಕ್ಕಲಿಗರು ಇದ್ರ ಸಾಕು. ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಒಳಗ ಹೋಗಿ ಚಹಾ ಮಾಡಕೊಂಡು ಕುಡದೆ. ಒಂದು ದೇಶ ತಾನಾಗೇ ಸೋವಿ ಇರೂದಿಲ್ಲ, ಸೋವಿ ಇಡತಾರ.

ಎರಡನೇಯಾಂವ ರಿಚ್ಮಂಡ್ ಕಲಕತ್ತಾದಾಗ ದೊಡ್ಡ ಹುದ್ದೆಕ್ಕ ಏರಿದ. ಇವನ ಮನಿ ಕಥಿ ನಮ್ಮ ಹೆಣ್ಣಮಕ್ಕಳು ಕೇಳಬೇಕಾದದ್ದು. ಲಗ್ನಕ್ಕ ಮೊದಲ ಅವನ ಮನ್ಯಾಗ ಮಿಶ್ರ ರಕ್ತದ ಒಬ್ಬಾಕಿ ಇದ್ಲು. ಆಕಿಗಿ ಒಂದು ಹೆಣ್ಣು ಹುಟ್ಟಿತ್ತು, ಸಾರಾ ಅಂತ. ಇಂಗ್ಲಂಡದ ಹುಡಿಗಿ ಜೋಡಿ ಲಗ್ನಾ ಆದ ಮ್ಯಾಲೆ ಈ ತಾಯಿಮಗಳ ಸುದ್ದಿ ಉಳದದ್ದು ಅವನ ಮೃತ್ಯುಪತ್ರದಾಗ ಬರದ ಒಂದು ಸಣ್ಣ ವರ್ಷಾಸನದಾಗ ಮಾತ್ರ. ಲಗ್ನದ ಹೆಂಡತಿಗಿ 1811ರಾಗ ಗಂಡು ಹುಟ್ಟಿದ, ಅವಗ ಅಜ್ಜನ ಹೆಸರನ್ನೇ ಇಟ್ರು. ಮುಂದ ಇಂಗ್ಲಿಷ್‌ನ್ಯಾಗ ದೊಡ್ಡ ಕಾದಂಬರಿಕಾರ ಆದ ಥ್ಯಾಕರೆ ಇವನ. ‘ವ್ಯಾನಿಟಿ ಫೇರ್’ ಬರದಾಂವ. ಅದರಾಗ ಹಿಂದುಸ್ತಾನದಿಂದ ಗಳಿಸಿಕೊಂಡು ಬಂದ ಒಬ್ಬ ಡೊಳ್ಳಿನ ಕಲೆಕ್ಟರ್ ಬರತಾನ, ಜಾಸ್ ಸೆಡ್ಲಿ. ಓದಿದವರು ನಗತಾರ. ತನ್ನ ಕಾಕಾಗಳನ್ನ ನೆನಸಿಕೊಂಡೇ ಬರದಾನೋ ಏನೋ ಅಂತ ನನಗ ಅನಸತೈತಿ.

1815ರಾಗ ರಿಚ್ಮಂಡ್ ಜ್ವರ ಬಂದು ಕಲಕತ್ತಾದಾಗ ತೀರಿಕೊಂಡ. ಹುಡುಗಗ ನಾಕು ವರ್ಷ. ಈ ಹವಾದಾಗ ಬಿಳಿ ಮಕ್ಕಳು ಉಳಿಯೂದಿಲ್ಲ ಅನ್ನೂ ಹೆದರಿಕಿಗಿ ಸಾಹೇಬರೆಲ್ಲಾ ಮಕ್ಕಳನ್ನ ಐದಾರು ವರ್ಷಕ್ಕ ಇಂಗ್ಲಂಡಕ್ಕ ಅಟ್ಟತಿದ್ರು. ಇವನನ್ನೂ ಐದು ತುಂಬಿದ ಮ್ಯಾಲೆ ಹಡಗ ಹತ್ತಿಸಿದ್ರು. ಜೋಡಿ ಅವನಷ್ಟೇ ವಯಸ್ಸಿನ ಒಬ್ಬ ಅತ್ತಿಮಗ. ದಾರ್ಯಾಗ ಸೇಂಟ್ ಹೆಲೆನಾದಾಗ ಹಡಗ ನಿಂತಾಗ ಆಳುಮಗ ಹುಡುಗನನ್ನ ಕರಕೊಂಡು ಹೋಗಿ ಸೆರಿಯೊಳಗಿದ್ದ ನೆಪೋಲಿಯನ್ನನ್ನ ತೋರಿಸಿದನಂತ. ಇಂಗ್ಲಂಡದಾಗ ಹಾಕಿದ ಸಾಲಿ ಸುಮಾರು, ಹಸಿವಿ, ಥಂಡಿ. ತಾಯಿ ಇಲ್ಲೇ ಉಳದು ಮತ್ತೊಂದು ಲಗ್ನಾ ಮಾಡಿಕೊಂಡ್ಲು. ಆಕಿ ಇಂಗ್ಲಂಡಕ್ಕ ಹೋಗಿ ಮಗನ್ನ ನೋಡಿದ್ದು 1820ಕ್ಕ. ಹುಡುಗ ಅವ್ವನ ಮಾರಿ ಮರತಿರಲಿಲ್ಲ. ಮಾತು ಹೊರಡಲಿಲ್ಲ, ಮುತ್ತು ಕೊಡೂದು, ಮತ್ತ ಮತ್ತ ಮಾರಿ ನೋಡೂದು, ಇಷ್ಟ ಮಾಡಿದ ಅಂತ ಆಕಿನ ಪತ್ರದಾಗ ಬರದಾಳ.

ಉಳದ ಅಣ್ಣತಮ್ಮಂದ್ರು? ವೆಬ್ ಅನ್ನಾಂವ ಮದ್ರಾಸ್ ಕಡೆ ಸಣ್ಣ ವಯಸ್ಸಿಗೇ ಹೋದ. ಥಾಮಸ್ ಗೂರ್ಖಾರ ಜೋಡಿ ಯುದ್ಧದಾಗ ಸತ್ತ. ಚಾರ್ಲ್ಸ್ ಕಲಕತ್ತಾದಾಗ ವಕೀಲಿ, ಪತ್ರಿಕಿ ಅಂತ ಇದ್ದು ಕುಡಿತಕ್ಕ ಬಿದ್ದ. ಆರು ಮಂದ್ಯಾಗ ಒಬ್ಬನೂ ಅಪ್ಪನಂಗ ತಿರುಗಿ ಹೋಗಿ ಮುಪ್ಪು ಕಳೀಲಿಲ್ಲ.

ಇನ್ನ ನಮ್ಮ ಥ್ಯಾಕರೆ, ಸೇಂಟ್ ಜಾನ್. ಪೇಶ್ವೆ ಬಿದ್ದ ಮ್ಯಾಲೆ ನಮ್ಮ ಸೀಮಿ ಕಂಪನಿ ಕೈಗಿ ಹೋತು. ಇಂವ ಮದ್ರಾಸ್ ಕಡೆಯಿಂದ ಧಾರವಾಡಕ್ಕ ಕಲೆಕ್ಟರ್ ಆಗಿ ಬಂದ. ಕಿತ್ತೂರ ದೇಸಾಯರು ಆಗ ಕಂಪನಿಗಿ ವರ್ಷಾ 1,75,000 ರೂಪಾಯಿ ಕಪ್ಪ ಕೊಟ್ಟು ರಾಜ್ಯ ನಡಸತಿದ್ರು. 1824ರ ಸಪ್ಟೆಂಬರದಾಗ ಶಿವಲಿಂಗರುದ್ರ ಸರ್ಜ ದೇಸಾಯಿ ಮಕ್ಕಳಿಲ್ಲದ ತೀರಿಕೊಂಡ್ರು. ಸಾಯೂ ಮುಂದ ದತ್ತಕ ತಗೊಂಡಿದ್ರು. ಥ್ಯಾಕರೆ ದತ್ತಕ ಒಪ್ಪಲಿಲ್ಲ. ಬೊಕ್ಕಸಕ್ಕ ತನ್ನ ಮುದ್ರಿ ಹೊಡದು, ತನ್ನ ಪಹರೆ ಕುಂದರಿಸಿದ.

ಅದನ್ನ ಮನಿ ಲೆಕ್ಕದಾಗ ಒಮ್ಮೆ ವಿಚಾರ ಮಾಡ್ರಿ. ಮನ್ಯಾಗ ಸಾವು ಆಗೈತಿ, ಸೂತಕದ ಮನಿ. ಹೊರಗಿನಾಂವ ಬಂದು ತಿಜೋರಿಗಿ ಕೀಲಿ ಹಾಕತಾನ. ಕಿತ್ತೂರ ವಾಡೇದಾಗ ಇವತ್ತಿಗೂ ಅಡಿಗಿಮನಿ, ಬಚ್ಚಲ, ಧ್ರುವ ನಕ್ಷತ್ರ ನೋಡೂ ಕಿಂಡಿ ತೋರಸತಾರ. ನಾನಂತೂ ಅಲ್ಲಿ ಹೋದಾಗೊಮ್ಮೆ ಆ ಅಡಿಗಿಮನಿ ಗ್ವಾಡಿ ಹಿಡಕೊಂಡು ನಿಂದರತೀನಿ. ರಾಣಿ ಚೆನ್ನಮ್ಮ ಮುಂಬೈ ಗವರ್ನರ್‌ತನಕ ಅರ್ಜಿ ಕಳಸಿದ್ರು. ಉಪಯೋಗ ಆಗಲಿಲ್ಲ. ಅಕ್ಟೋಬರ್ 23ಕ್ಕ ಥ್ಯಾಕರೆ ಬಾಗಲಾ ಒಡಸಾಕ ನಿಂತ, ಒಳಗಿನವರು ತಾವೇ ಬಾಗಲಾ ತಗದು ಹೊರಗ ಬಂದ್ರು. ಮುಂದಿನದು ಎಲ್ಲಾರಿಗೂ ಗೊತ್ತೈತಿ. ಡಿಸೆಂಬರದಾಗ ದೊಡ್ಡ ದಂಡು ಬಂತು, ಕಿತ್ತೂರ ಬಿತ್ತು, ಚೆನ್ನಮ್ಮನ್ನ ನಮ್ಮ ಬೈಲಹೊಂಗಲಕ್ಕ ತಂದು ಸೆರಿ ಇಟ್ರು. 1829ರಾಗ ಇಲ್ಲೇ ತೀರಿಕೊಂಡ್ರು. ಥ್ಯಾಕರೆ ಸ್ಮಾರಕ ಧಾರವಾಡದಾಗ ಐತಿ, ರಾಣಿ ಸಮಾಧಿ ನಮ್ಮೂರಾಗ.

ಅವತ್ತು ಕಿತ್ತೂರಾಗ ಸಿಕ್ಕಿಬಿದ್ದ ಇನ್ನೊಬ್ಬ ಸಾಹೇಬನ ಮಾತು ಹೇಳದಿದ್ರ ಲೆಕ್ಕ ತಪ್ಪತೈತಿ. ವಾಲ್ಟರ್ ಎಲಿಯಟ್ ಅಂತ, ಥ್ಯಾಕರೆ ಕೈಕೆಳಗಿನ ಹುಡುಗ, 21 ವರ್ಷ. ಕಿತ್ತೂರಿನವರು ಅವನನ್ನ ಹಿಡದಿಟ್ರೂ ಜೀವಕ್ಕ ಅಪಾಯ ಮಾಡದ ಬಿಟ್ಟು ಕೊಟ್ರು. ಅಂವ ಓಡಿ ಹೋಗಲಿಲ್ಲ. 1833ರತನಕ ಇದ ಸೀಮಿಯೊಳಗ ಇದ್ದು ಕನ್ನಡ ಕಲತು, ಊರೂರು ತಿರಗಿ ನೂರಾರು ಶಾಸನದ ನಕಲು ಮಾಡಿಸಿದ. ಚಾಲುಕ್ಯರ ಇತಿಹಾಸ ಬರಿಯಾಕ ಅವೇ ಮೊದಲ ಆಧಾರ ಆದ್ವು. ಒಂದ ಹಡಗಿನ್ಯಾಗ ಬಂದಂಥವರು, ಒಬ್ಬಾಂವ ತಿಜೋರಿಗಿ ಮುದ್ರಿ ಹೊಡದ, ಇನ್ನೊಬ್ಬಾಂವ ಕಲ್ಲಿನ ಮ್ಯಾಲಿನ ಅಕ್ಷರಕ್ಕ ಕೈ ಹಚ್ಚಿದ.

ಎಂಟು ದಿನ ಬಿಟ್ಟು ನಾನ ಆ ಹುಡುಗಗ ಫೋನ್ ಮಾಡಿದೆ. “ಊರು ಸೋವಿ ಬೀಳೂದಿಲ್ಲ ಅಂದ್ಯಲ್ಲ, ಏನದು?” ಅಂತ ಕೇಳಿದೆ.

“ಚಿಗವ್ವಾ, ಊರಿಗಿ ಬಂದ್ರ ನಾ ಯಾರದರ ಮಗಾ, ಯಾರದರ ಕಾಕಾ. ಲಗ್ನಕ್ಕ ಆಹೇರಿ, ಗುಡಿಗಿ ಪಟ್ಟಿ, ಒಬ್ಬರ ದವಾಖಾನಿ, ಒಬ್ಬರ ಫೀಸು. ಅಮೆರಿಕಾದಿಂದ ಬಂದಾನಂದ್ರ ಮತ್ತಷ್ಟು. ಒಲ್ಲೆ ಅನ್ನಾಕ ಬರೂದಿಲ್ಲ. ಇಪ್ಪತ್ತೈದು ವರ್ಷ ಕೊಟ್ಟೀನಿ, ಕೊಟ್ಟದ್ದು ಬ್ಯಾಸರಿಲ್ಲ. ಇನ್ನ ಸ್ವಲ್ಪ ದಿನ ಯಾರ ಋಣಾನೂ ಇಲ್ಲದ ಊರಾಗ ಇರಬೇಕನಸೈತಿ” ಅಂದ.

ನಾ ಬೈಯ್ಯಾಕಂತನ ಫೋನ್ ಮಾಡಿದ್ದೆ. ಬೈಲಿಲ್ಲ. ನಮ್ಮ ಸಣ್ಣ ತಂಗಿ ಲಗ್ನದಾಗ ಅವ ಕಳಿಸಿದ ರೊಕ್ಕಾ ಎಷ್ಟಂತ ನನಗ ಗೊತ್ತೈತಿ. ಆದ್ರ ಋಣ ಇಲ್ಲದ ಊರು ಅನ್ನೂ ಮಾತಿಗಿ ಥ್ಯಾಕರೆ ಕಥಿ ಹೇಳಿದೆ, ಪೂರಾ ಒಂದು ತಾಸು. ಕೇಳಿದ. “ನಾ ಕಂದಾಯ ವಸೂಲಿಗಿ ಹೊಂಟಿಲ್ಲ ಚಿಗವ್ವಾ, ಬಾಡಿಗಿ ಕೊಟ್ಟು ಇರತೀನಿ” ಅಂತ ನಕ್ಕ. ಅದೂ ಖರೇ. “ಅಡಿಗಿಯಾಕಿ ಪಗಾರ ಕಡಿಮಿ ಅಂತ ಹೇಳಿದ್ಯಲ್ಲ, ಆಕಿ ಮಕ್ಕಳು ಸಾಲಿಗಿ ಹೊಕ್ಕಾವೇನು ಅದನ್ನೂ ಕೇಳು” ಅಂದೆ. ಆಗ ಅವನ ಹೆಂಡತಿ ನಡಕ ಬಾಯಿ ಹಾಕಿ, “ಅತ್ತೀ, ನಿಮ್ಮ ಮನ್ಯಾಗ ಭಾಂಡೆ ತಿಕ್ಕಾಕಿಗಿ ಎಷ್ಟು ಕೊಡತೀರಿ?” ಅಂತ ಕೇಳಿದ್ಲು. ಹೇಳಿದೆ. “ಹಂಗಾರ ಥಾಯ್ಲಂಡನ ತುಟ್ಟಿ ಆತು ಬಿಡ್ರಿ” ಅಂದ್ಲು. ಆ ತಿಂಗಳದಿಂದ ನಮ್ಮಾಕಿಗಿ 300 ಹೆಚ್ಚು ಮಾಡೀನಿ.

ಇದನ್ನೆಲ್ಲಾ ಬರದು ಮುಗಿಸಿ ಮೊದಲ ಅಕ್ಕಗ ಫೋನ್‌ನ್ಯಾಗ ಓದಿ ಹೇಳಿದೆ. ಯುದ್ಧ, ಕಪ್ಪ, ಕಂದಾಯ ಎಲ್ಲಾ ಹೂಂ ಹೂಂ ಅಂದ್ಲು. ಹುಡುಗ ಅವ್ವನ ಮಾರಿ ಮತ್ತ ಮತ್ತ ನೋಡಿದ ಅಂದಲ್ಲೆ ಹೂಂಗುಡೂದು ನಿಂತಿತು. ಫೋನ್ ಕಟ್ ಆತೇನೋ ಅಂತ “ಅಕ್ಕಾ?” ಅಂದೆ.

“ಆ ಥಾಯ್ಲಂಡಕ್ಕ ಬೆಂಗಳೂರಿಂದ ವಿಮಾನ ಎಷ್ಟು ತಾಸಂತ?”

“ನಾಕು ತಾಸು ಹಿಡೀತೈತಿ.”

“ಅಮೆರಿಕಾಕಿಂತ ಸಮೀಪ ಆತಲ್ಲ,” ಅಂದ್ಲು. “ನನ್ನ ಪಾಸ್‌ಪೋರ್ಟ್ ಅವಧಿ ಮುಗದೈತಿ. ಹೊಸಾದು ಮಾಡಸಾಕ ಏನೇನ ಕಾಗದ ಬೇಕು, ನಾಳೆ ಕೇಳಿ ಹೇಳು.”