ಗಾಡಿ, ಗ್ಲೌಸು, ಗುತ್ತಿಗೆ

ನಮ್ಮ ಗುಡೇಕೋಟೆ ಒನಕೆ ಓಬವ್ವನ ತವರು ಅಂತ ಊರ ಹಿರಿಯರು ಹೇಳುತ್ತ ಬಂದಿದ್ದಾರೆ. 2021ರಿಂದ ಸರ್ಕಾರವೂ ನವೆಂಬರ್ 11ಕ್ಕೆ ಅವಳ ಜಯಂತಿ ಮಾಡುತ್ತದೆ. ಛಲವಾದಿ ಹೆಣ್ಣುಮಗಳು ದುರ್ಗದ ಕಿಂಡಿಯ ಬಳಿ ಒನಕೆ ಹಿಡಿದು ನಿಂತದ್ದನ್ನು ಎಲ್ಲರೂ ಶೌರ್ಯದ ಕತೆಯೆಂದೇ ಓದುತ್ತಾರೆ. ನನ್ನ ಪ್ರಶ್ನೆ ಬೇರೆ ಐತಿ. ಕೋಟೆ ಕಾಯುವವನ ಮನೆಯಲ್ಲಿ ಅವಳ ಕೈಗೆ ಸಿಕ್ಕಿದ್ದು ಒನಕೆಯೇ ಯಾಕೆ? ದುಡಿಯುವವರ ಕೈಗೆ ಯಾವ ಸಲಕರಣೆ ಬರಬೇಕೆಂದು ತೀರ್ಮಾನಿಸಿದವರು ಯಾರು? ರಾಜರ ಖಡ್ಗಗಳನ್ನು ವರ್ಣಿಸಿದ ನಮ್ಮ ಚರಿತ್ರೆಕಾರರು ಪೊರಕೆ, ಬುಟ್ಟಿ, ಸಲಿಕೆಗಳ ಚರಿತ್ರೆಯನ್ನು ಬರೆಯಲಿಲ್ಲ. ಅದರ ಒಂದು ಎಳೆಯನ್ನಷ್ಟೇ ಇಲ್ಲಿ ಹಿಡಿಯುತ್ತೇನೆ.

1949ರಲ್ಲಿ ಮುಂಬಯಿ ಸರ್ಕಾರ ಮಲ ಹೊರುವವರ ಸ್ಥಿತಿಗತಿ ನೋಡಲು ಬರ್ವೆ ಸಮಿತಿ ರಚಿಸಿತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆಗ ಆ ಪ್ರಾಂತ್ಯದಲ್ಲಿದ್ದವು. ನಮ್ಮ ಬಳ್ಳಾರಿ ಮದರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂತು. 1957ರಲ್ಲಿ ಕೇಂದ್ರದ ಮಲ್ಕಾನಿ ಸಮಿತಿ ಬಂತು, 1960ರಲ್ಲಿ ವರದಿ ಕೊಟ್ಟಿತು. ತಲೆಯ ಮೇಲಿನ ಬುಟ್ಟಿ ಇಳಿಯಲಿ, ತಳ್ಳುಗಾಡಿ ಬರಲಿ ಎಂಬುದು ಆ ಕಾಲದ ಸುಧಾರಣೆಯ ಧಾಟಿ. ಬುಟ್ಟಿಯ ಜಾಗಕ್ಕೆ ಗಾಡಿ ಬಂತು ಸರಿ, ಗಾಡಿ ತಳ್ಳುವ ಜಾತಿ ಬದಲಾಗಲಿಲ್ಲ. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನೇ ನಿಷೇಧಿಸಿದ್ದು 1970ರ ದಶಕದ ಮೊದಲಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ನೋಡಿಕೊಂಡ ಬಿ. ಬಸವಲಿಂಗಪ್ಪನವರು. ಬೂಸಾ ಮಾತಿಗಾಗಿ 1973ರಲ್ಲಿ ಅವರ ಮೇಲೆ ಮುಗಿಬಿದ್ದವರು ಈ ಕೆಲಸದ ಬಗ್ಗೆ ಎಷ್ಟು ಮಾತಾಡಿದರು ಎಂದು ಕೇಳಬೇಕಾಗಿದೆ.

1993ರ ಕೇಂದ್ರ ಕಾಯ್ದೆಯನ್ನು ಮೊದಲು ಒಪ್ಪಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಜಾರಿಗೆ ಬಂದದ್ದು 1997ರ ಜನವರಿ 26ಕ್ಕೆ. ಆದರೂ 2010ರ ಜುಲೈನಲ್ಲಿ ಸವಣೂರಿನಲ್ಲಿ ಭಂಗಿ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕಾಯ್ದೆ ಕಾಗದದಲ್ಲಿತ್ತು, ಮಲ ಮೈಮೇಲಿತ್ತು.

ಈಗ 2013ರ ಕಾಯ್ದೆಗೆ ಬರೋಣ. ಇದನ್ನು ವಿಮರ್ಶಕರು ಕವಿತೆ ಓದುವ ಎಚ್ಚರದಿಂದಲೇ ಓದಬೇಕು. ಅಪಾಯಕಾರಿ ಶುಚಿಕಾರ್ಯಕ್ಕೆ ಯಾರನ್ನೂ ನೇರವಾಗಿ ಅಥವಾ ಪರೋಕ್ಷವಾಗಿ ನೇಮಿಸಬಾರದೆಂದು 7ನೇ ಕಲಂ ಹೇಳುತ್ತದೆ. ತಪ್ಪಿದರೆ ಮೊದಲ ಸಲ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ 'ಅಪಾಯಕಾರಿ' ಎಂದರೇನು? ರಕ್ಷಣಾ ಸಾಧನ ಕೊಡದೆ ಮಾಡಿಸುವ ಕೆಲಸ. ನಿಗದಿತ ಸಾಧನ ಮತ್ತು ಉಡುಪು ಬಳಸಿ ಮಲ ತೆಗೆಯುವವನನ್ನು ಮಲ ಹೊರುವವನೆಂದು ಭಾವಿಸತಕ್ಕದ್ದಲ್ಲ ಎಂದೂ ಅದರಲ್ಲೇ ವಿವರಣೆ ಇದೆ. ಅಂದರೆ ಗ್ಲೌಸು, ಬೂಟು ಹಾಕಿದ ಕೂಡಲೇ ಆ ಮನುಷ್ಯ ಕಾಯ್ದೆಯ ವ್ಯಾಖ್ಯೆಯಿಂದ ಮಾಯ! ಅವನ ಜಾತಿ, ಅವನು ಇಳಿಯುವ ಗುಂಡಿ ಮಾತ್ರ ಅಲ್ಲೇ ಇರುತ್ತವೆ.

ಗ್ಲೌಸು ಜೀವ ಉಳಿಸುತ್ತದೆಯೇ? ಒಳಚರಂಡಿಯಲ್ಲಿ ಕೊಲ್ಲುವುದು ಹೆಚ್ಚಾಗಿ ಗಾಳಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿಗೆ ವಾಸನೆಯೇ ಹತ್ತದಂತೆ ಮಾಡಿಬಿಡುತ್ತದೆ. ಆಮ್ಲಜನಕವೂ ಕಡಿಮೆ. ಬಟ್ಟೆಯ ಮುಖಗವಸು ಇದಕ್ಕೆ ಏನೇನೂ ಸಾಲದು. ಇಳಿಯುವ ಮುಂಚೆ ಗಾಳಿ ಅಳೆಯುವ ಯಂತ್ರ ಬೇಕು, ಹೊರಗಿನಿಂದ ಉಸಿರು ಕೊಡುವ ಸಾಧನ ಬೇಕು, ಮೇಲೆಳೆಯುವ ಹಗ್ಗ ಬೇಕು. ಅದಕ್ಕೂ ಮೊದಲು ಮನುಷ್ಯ ಇಳಿಯುವ ಅಗತ್ಯವೇ ಇಲ್ಲದ ಜೆಟ್ಟಿಂಗ್, ಸಕ್ಕಿಂಗ್ ಯಂತ್ರ ಬೇಕು. ಇವಿಲ್ಲದ ಕಡೆ ಒಬ್ಬನನ್ನು ಉಳಿಸಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುತ್ತಾರೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲಿನಲ್ಲಿ ಸತ್ತವರು ಮೂವರು.

ಇಂಥ ಸಾವಿನ ನಂತರ ಕೇಳಿಬರುವ ಮಾತು ಒಂದೇ: "ಅವರು ನಮ್ಮವರಲ್ಲ ರೀ, ಕಂಟ್ರಾಕ್ಟರ್ ಕಡೇರು." ಮುಟ್ಟಿಸಿಕೊಳ್ಳದಿರುವ ಹಳೆಯ ಕಲೆಯೇ ಇಲ್ಲಿ ಗುತ್ತಿಗೆಯ ವೇಷದಲ್ಲಿ ಬಂದಿದೆ ಎಂದು ನನ್ನ ತಿಳಿವಳಿಕೆ. ಹಿಂದೆ ಊರು ಕೇರಿಯನ್ನು ದೂರ ಇಟ್ಟಿತು, ಈಗ ಕಚೇರಿ ಕೂಲಿಯನ್ನು ದೂರ ಇಡುತ್ತದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಜನರಿಗಿಂತ ಕಡಿಮೆ ಇರುವ ಕಡೆ ಅನ್ವಯಿಸುತ್ತಿರಲಿಲ್ಲ. ಅದರ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಯಾದ ಹೊಸ ಸಂಹಿತೆಯಲ್ಲಿ ಆ ಮಿತಿ 50. ಮುಖ್ಯ ಕೆಲಸಗಳಿಗೆ ಗುತ್ತಿಗೆ ಕೂಡದೆಂದು ಹೇಳುವ ಆ ಸಂಹಿತೆ, ಸ್ವಚ್ಛತೆಯನ್ನೇ ಉದ್ದೇಶವಾಗಿಟ್ಟುಕೊಂಡ ಸಂಸ್ಥೆಗಳ ಹೊರತು ಬೇರೆಡೆ, ಗುಡಿಸುವ, ತೊಳೆಯುವ ಕೆಲಸವನ್ನು 'ಮುಖ್ಯ'ದ ಪಟ್ಟಿಯಿಂದಲೇ ಹೊರಗಿಟ್ಟಿದೆ. ಇದಕ್ಕಿಂತ ಸ್ಪಷ್ಟವಾದ ಜಾತಿ ಪಠ್ಯ ಬೇಕೆ?

2014ರಲ್ಲಿ ಸುಪ್ರೀಂ ಕೋರ್ಟು 1993ರಿಂದೀಚಿನ ಪ್ರತಿ ಸಾವಿಗೆ 10 ಲಕ್ಷ ಪರಿಹಾರ ಕೊಡಿ ಎಂದಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿ, ಹೊರಗುತ್ತಿಗೆಯಲ್ಲಿ ಸಾವಾದರೆ ತಕ್ಷಣ ಗುತ್ತಿಗೆ ರದ್ದು ಮಾಡಿ ಹಣದ ಹೊಣೆ ಹೊರಿಸುವ ವ್ಯವಸ್ಥೆ ಆಗಬೇಕೆಂದಿತು. ಒಳ್ಳೆಯದು. ಆದರೆ ಇವೆಲ್ಲ ಹೆಣ ಎತ್ತಿದ ಮೇಲಿನ ಲೆಕ್ಕ. ಟೆಂಡರಿನಲ್ಲಿ ಕಡಿಮೆ ಕೂಗಿದವನಿಗೆ ಕೆಲಸ ಸಿಗುವ ತನಕ ಅವನು ಮೊದಲು ಕತ್ತರಿಸುವುದು ಉಸಿರಿನ ಸಾಧನದ ಖರ್ಚನ್ನೇ. ಆ ಖರ್ಚನ್ನು ಪೈಪೋಟಿಯಿಂದ ಹೊರಗಿಟ್ಟು ಬೇರೆ ಬಾಬಿನಲ್ಲಿ ಕೊಡಲಿ. ಯಂತ್ರ ತೋರಿಸದೆ ಬಿಲ್ಲು ಪಾಸಾಗದಿರಲಿ. ನಿಯಮ ಪಾಲಿಸಿದವನಿಗೆ ಮುಂದಿನ ಟೆಂಡರಿನಲ್ಲಿ ಆದ್ಯತೆ ಇರಲಿ. ಕೆಲಸ ಮಾಡಿಸಿಕೊಂಡ ಸಂಸ್ಥೆಯ ಅಧಿಕಾರಿಯ ಹೆಸರೂ ಗುತ್ತಿಗೆದಾರನ ಹೆಸರಿನ ಪಕ್ಕದಲ್ಲೇ ಎಫ್.ಐ.ಆರ್.ನಲ್ಲಿ ಬರಲಿ.

ಯಂತ್ರ ಬಂದರೆ ಜಾತಿ ಹೋಗುತ್ತದೆಂಬ ಭ್ರಮೆ ನನಗಿಲ್ಲ. ಬುಟ್ಟಿ ಹೋಗಿ ಗಾಡಿ ಬಂದಾಗ ಅದನ್ನು ಕಂಡಿದ್ದೇವೆ. ಆ ಯಂತ್ರ ನಡೆಸುವ ಕಾಯಂ ನೌಕರಿಗೆ ಅರ್ಜಿ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುವ ದಿನ ಈ ಚರಿತ್ರೆಯ ಮುಂದಿನ ಅಧ್ಯಾಯ ಬರೆಯಬಹುದು.