ಯುಎಸ್‌ಬಿಯೋ, ಆಪ್ಟಿಕಲ್ಲೋ: ಹಾಡು ಕೇಳೋಕೆ ಯಾವ ಕೇಬಲ್ ಬೇಕು?

1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಆಗ ಕೇಳುಗರಿಗೆ ಒಂದು ರೇಡಿಯೋ ಇದ್ದರೆ ಸಾಕಿತ್ತು. ಈಗ ಅದೇ ಊರಲ್ಲಿ ಲ್ಯಾಪ್‌ಟಾಪಿಗೆ ಸ್ಪೀಕರ್ ಸೇರಿಸೋಕೆ ಹೊರಟರೆ ಹತ್ತು ಗೊಂದಲ.

ಯುಎಸ್‌ಬಿ: ಡಿಜಿಟಲ್ ಅಂಕಿಗಳನ್ನು ಧ್ವನಿಯಾಗಿಸುವ ‘ಡ್ಯಾಕ್’ ಪೆಟ್ಟಿಗೆ ಹೊರಗಿದ್ದರೆ ಇದೇ ಮೊದಲ ಆಯ್ಕೆ. ಇವತ್ತಿನ ಬಹುತೇಕ ಡ್ಯಾಕ್‌ಗಳಲ್ಲಿ ತಾಳ ಹಾಕೋದು ಡ್ಯಾಕ್. ಕಂಪ್ಯೂಟರ್ ಅದಕ್ಕೆ ತಕ್ಕಂತೆ ಡೇಟಾ ಕೊಡುತ್ತದೆ.

ಆಪ್ಟಿಕಲ್: ಧ್ವನಿ ಬೆಳಕಿನ ರೂಪದಲ್ಲಿ ಹೋಗುತ್ತದೆ, ವಿದ್ಯುತ್ ಸಂಪರ್ಕವಿಲ್ಲ. ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರ್ ‘ಗುಂಯ್’ ಅಂದರೆ ಇದನ್ನು ಪ್ರಯತ್ನಿಸಿ.

ಎಚ್‌ಡಿಎಂಐ: ಸಿನಿಮಾದ ಸರೌಂಡ್ ಸೌಂಡಿಗೆ.

ಬ್ಲೂಟೂತ್: ಅನುಕೂಲ ನಿಜ. ಆದರೆ ಸಿಡಿ ಗುಣಮಟ್ಟಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಸಾಮಾನ್ಯ ಎಸ್‌ಬಿಸಿ ಕೋಡೆಕ್ ಸಾಗಿಸೋದು 328ರ ಆಸುಪಾಸು. ಬಸ್ಸಲ್ಲಿ ಕೇಳೋಕೆ ಅಷ್ಟು ಸಾಕು.

ಕೊನೇ ಮಾತು: ಡಿಜಿಟಲ್ ಕೇಬಲ್ಲಿನಲ್ಲಿ ಹರಿಯೋದು ಸೊನ್ನೆ, ಒಂದು. ಅವು ತಪ್ಪಿಲ್ಲದೆ ತಲುಪಿದರೆ ಆಯ್ತು. ಚಿನ್ನದ ಲೇಪನ, ಸಾವಿರಾರು ರೂಪಾಯಿ ಬೆಲೆ ಹಾಡನ್ನು ಇನ್ನಷ್ಟು ಇಂಪು ಮಾಡಲ್ಲ. ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ. ಒಳ್ಳೆ ಸಂಗೀತ ಕೇಳೋದು ಉಳ್ಳವರ ಸೊತ್ತೇನಲ್ಲ.